ಬೀದಿ ಹೊಳೆಯಾದಾಗ

2005ನೆಯ ಇಸವಿ ಜುಲೈ ತಿಂಗಳ 26ನೆಯ ತಾರೀಖು, ಮಂಗಳವಾರ. ಆ ದಿನಗಳಲ್ಲಿ ಮುಂಬಯಿ ನಗರದಲ್ಲಿ ಹವಾಮಾನ ಇಲಾಖೆಯವರು ಮಳೆಯನ್ನು ಅಳೆಯುತ್ತಿದ್ದ ಮುಖ್ಯ ಕೇಂದ್ರಗಳು ಎರಡೇ. ಒಂದು, ನಗರದ ದಕ್ಷಿಣದ ತುದಿಯಲ್ಲಿರುವ ಕೊಲಾಬಾ. ಇನ್ನೊಂದು, ಉತ್ತರಕ್ಕೆ ವಿಮಾನ ನಿಲ್ದಾಣದ ಬಳಿಯಲ್ಲಿರುವ ಸಾಂತಾಕ್ರೂಜ್. ಮರುದಿನ ಬೆಳಿಗ್ಗೆ ಎಂಟೂವರೆ ಗಂಟೆಗೆ ವಾಡಿಕೆಯಂತೆ ಹಿಂದಿನ ಇಪ್ಪತ್ತನಾಲ್ಕು ಗಂಟೆಗಳ ಮಳೆಯ ಲೆಕ್ಕವನ್ನು ತೆಗೆದಾಗ ಕೊಲಾಬಾದಲ್ಲಿ ಕಂಡುಬಂದದ್ದು ಸುಮಾರು 73 ಮಿಲಿಮೀಟರು. ಸಾಂತಾಕ್ರೂಜಿನಲ್ಲಿ ಕಂಡುಬಂದದ್ದು 944 ಮಿಲಿಮೀಟರು!

ಒಂದೇ ನಗರ, ಒಂದೇ ದಿನ. ಎರಡು ಕೇಂದ್ರಗಳ ನಡುವಣ ಅಂತರ ಇಪ್ಪತ್ತೈದು ಕಿಲೋಮೀಟರಿನ ಆಸುಪಾಸು. ಒಂದೆಡೆ ಮುಂಗಾರಿನ ಸಾಮಾನ್ಯವಾದ ಜೋರು ಮಳೆ, ಇನ್ನೊಂದೆಡೆ ಪ್ರಳಯ. 944 ಮಿಲಿಮೀಟರು ಎಂದರೆ ಎಷ್ಟು? ಬೆಂಗಳೂರಿನಲ್ಲಿ ಸಾಧಾರಣವಾದ ಒಂದು ವರ್ಷದಲ್ಲಿ ಬೀಳುವ ಮಳೆಯೆಲ್ಲ ಒಟ್ಟು ಸೇರಿದರೂ ಹೆಚ್ಚುಕಡಮೆ ಇಷ್ಟೇ ಆಗುತ್ತದೆ. ಒಂದು ವರ್ಷದ ಮಳೆ ಒಂದೇ ದಿನದಲ್ಲಿ, ಅದರಲ್ಲೂ ಬಹುಪಾಲು ಮಧ್ಯಾಹ್ನ ಎರಡರಿಂದ ರಾತ್ರಿಯ ಒಳಗೆ, ಸುರಿದುಹೋಯಿತು.

ಬೆಳಿಗ್ಗೆ ಕೆಲಸಕ್ಕೆ ಹೋದವರು ಸಂಜೆ ಮನೆಗೆ ಮರಳಲಾರದೆ ಹೋದರು. ನಗರದ ಜೀವನಾಡಿಯಾದ ಲೋಕಲ್ ರೈಲುಗಳು ನಿಂತುಹೋದುವು. ಬಸ್ಸುಗಳು ರಸ್ತೆಯ ನಡುವೆಯೇ ಮುಳುಗಿದುವು. ವಿಮಾನ ನಿಲ್ದಾಣವನ್ನು ಒಂದು ದಿನಕ್ಕೂ ಮಿಕ್ಕು ಮುಚ್ಚಬೇಕಾಯಿತು. ಎದೆಯ ಮಟ್ಟದ ನೀರಿನಲ್ಲಿ ಹಗ್ಗ ಹಿಡಿದು ನಡೆದವರು, ಅಪರಿಚಿತರ ಮನೆಗಳಲ್ಲಿ ರಾತ್ರಿ ಕಳೆದವರು, ಕಚೇರಿಯ ಮೇಜಿನ ಮೇಲೆ ಮಲಗಿದವರು ಲಕ್ಷಾಂತರ. ದೂರವಾಣಿಯೂ ಕೈಕೊಟ್ಟುದರಿಂದ, ಮಗನೋ ಅಣ್ಣನೋ ಮುಂಬಯಿಯ ಹೋಟೆಲಿನಲ್ಲಿ ಕೆಲಸಕ್ಕಿದ್ದ ನಮ್ಮ ಕರಾವಳಿಯ ಮನೆಗಳಿಗೆ ಸುದ್ದಿ ಮುಟ್ಟುವ ದಾರಿಯಿರಲಿಲ್ಲ. ಮುಂಬಯಿ ನಗರವೊಂದರಲ್ಲಿಯೇ ನಾನೂರಕ್ಕೂ ಹೆಚ್ಚು ಮಂದಿ ಮೃತರಾದರು. ಮಹಾರಾಷ್ಟ್ರದಾದ್ಯಂತ ಆ ದಿನಗಳಲ್ಲಿ ಸತ್ತವರ ಸಂಖ್ಯೆ ಸಾವಿರವನ್ನು ಮೀರಿತು. ಕೆಲವರು ಕೊಚ್ಚಿಹೋದರು, ಕೆಲವರ ಮೇಲೆ ಗುಡ್ಡ ಕುಸಿಯಿತು, ಕೆಲವರು ತಮ್ಮ ಮೋಟಾರುಗಳ ಒಳಗೇ ಸಿಕ್ಕಿಕೊಂಡು ಉಸಿರುಗಟ್ಟಿ ಸತ್ತರು.

ನದಿಯ ದಡದ ಹಳ್ಳಿಗೆ ನೆರೆ ಬರುವುದನ್ನು ನಾವು ಬಲ್ಲೆವು. ಅದು ಮೊದಲೇ ಸುಳಿವು ಕೊಟ್ಟು, ದಿನಗಳ ಮೇಲೆ ಏರಿ, ದಿನಗಳ ಮೇಲೆ ಇಳಿಯುವಂಥದು. ನಗರದ ನೆರೆಯ ರೀತಿಯೇ ಬೇರೆ. ಅದು ಗಂಟೆಗಳಲ್ಲಿ, ಕೆಲವೊಮ್ಮೆ ನಿಮಿಷಗಳಲ್ಲಿ ಬರುತ್ತದೆ. ನದಿಯೇ ಇಲ್ಲದ ಕಡೆಯಲ್ಲೂ ಬರುತ್ತದೆ. ಇದು ಹೇಗೆ? ಮಳೆ ಹೆಚ್ಚಾಗಿ ಬಿದ್ದಿತು ಎನ್ನುವುದಷ್ಟೇ ಇದಕ್ಕೆ ಸಾಕಾದ ಉತ್ತರವಲ್ಲ. ಮಳೆ, ನೆಲ, ಚರಂಡಿ, ಸಮುದ್ರ ಮತ್ತು ಮನುಷ್ಯ ಈ ಐವರ ಲೆಕ್ಕವನ್ನು ಒಟ್ಟಿಗೆ ನೋಡಿದಾಗ ಮಾತ್ರ ಇದರ ಗುಟ್ಟು ತಿಳಿಯುತ್ತದೆ.

ಮೋಡದ ಒಳಗೆ

ಸಮುದ್ರದ ಮೇಲಿಂದ ಬೀಸುವ ಮುಂಗಾರಿನ ಗಾಳಿ ನೀರಿನ ಆವಿಯನ್ನು ಹೇರಳವಾಗಿ ಹೊತ್ತು ತರುತ್ತದೆ. ಈ ಗಾಳಿ ಮೇಲಕ್ಕೇರಿದಾಗ ತಣ್ಣಗಾಗುತ್ತದೆ, ಆವಿ ಹನಿಗಟ್ಟುತ್ತದೆ. ಒಂದು ಗ್ರಾಂ ನೀರನ್ನು ಆವಿಯಾಗಿಸಲು ಸಮುದ್ರದ ಮೇಲೆ ಸೂರ್ಯನು ಸುಮಾರು 580 ಕೆಲೊರಿ ಶಾಖವನ್ನು ವೆಚ್ಚ ಮಾಡಿರುತ್ತಾನೆ. ಆವಿ ಮತ್ತೆ ನೀರಾಗುವಾಗ ಅಷ್ಟೂ ಶಾಖ ಮೋಡದೊಳಗೆ ಬಿಡುಗಡೆಯಾಗುತ್ತದೆ. ಈ ಶಾಖದಿಂದ ಸುತ್ತಣ ಗಾಳಿ ಹಗುರಾಗಿ ಇನ್ನೂ ಮೇಲಕ್ಕೆ ನುಗ್ಗುತ್ತದೆ. ಅದರ ಸ್ಥಾನವನ್ನು ತುಂಬಲು ಕೆಳಗಿನಿಂದ ಮತ್ತಷ್ಟು ತೇವದ ಗಾಳಿ ಬರುತ್ತದೆ. ಮತ್ತಷ್ಟು ಶಾಖ, ಮತ್ತಷ್ಟು ಏರಿಕೆ. ಹೀಗೆ ಮೋಡವು ತನ್ನ ಇಂಧನವನ್ನು ತಾನೇ ಸೆಳೆದುಕೊಂಡು ಉರಿಯುವ ಒಲೆಯಂತೆ ಬೆಳೆಯುತ್ತದೆ. ಗುಡುಗು ಮಿಂಚುಗಳನ್ನು ಹೊತ್ತ ಇಂಥ ಎತ್ತರದ ಮೋಡಗಳಿಗೆ ಕ್ಯುಮುಲೊನಿಂಬಸ್ ಎಂದು ಹೆಸರು. ಇವುಗಳ ನೆತ್ತಿ ಹದಿನೈದು ಕಿಲೋಮೀಟರು ಎತ್ತರಕ್ಕೆ ಮುಟ್ಟುವುದುಂಟು. ಆದರೆ ಇವುಗಳ ಬುಡ ಬಹಳ ಅಗಲವಲ್ಲ. ಆದುದರಿಂದಲೇ ಸಾಂತಾಕ್ರೂಜ್ ಮುಳುಗುತ್ತಿದ್ದಾಗ ಕೊಲಾಬಾದಲ್ಲಿ ಜನರು ಕೊಡೆ ಹಿಡಿದು ಓಡಾಡುವುದು ಸಾಧ್ಯವಾಯಿತು.

ಸಾಮಾನ್ಯವಾಗಿ ಇಂಥ ಮೋಡ ಗಾಳಿಯೊಡನೆ ಸಾಗುತ್ತಾ ತನ್ನ ನೀರನ್ನು ಹಲವು ಊರುಗಳಿಗೆ ಹಂಚುತ್ತದೆ. ಆದರೆ ಆಗೊಮ್ಮೆ ಈಗೊಮ್ಮೆ, ಒಂದು ಮೋಡ ಬರಿದಾಗುವಷ್ಟರಲ್ಲಿ ಅದೇ ಸ್ಥಳದಲ್ಲಿ ಇನ್ನೊಂದು ಹುಟ್ಟಿ, ಮಳೆಯ ಕೇಂದ್ರ ಕದಲದೆ ನಿಂತುಬಿಡುತ್ತದೆ. ಆಗ ಹತ್ತು ಊರುಗಳ ಪಾಲು ಒಂದೇ ಊರಿಗೆ ಸಲ್ಲುತ್ತದೆ.

ಇಲ್ಲಿ ಇನ್ನೊಂದು ವಿಷಯವನ್ನೂ ಹೇಳಬೇಕು. ಗಾಳಿಯ ಉಷ್ಣತೆ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಅದು ಹೊರಬಲ್ಲ ಆವಿಯ ಪ್ರಮಾಣ ನೂರಕ್ಕೆ ಸುಮಾರು ಏಳರಷ್ಟು ಹೆಚ್ಚುತ್ತದೆ. ಭೂಮಿಯ ಸರಾಸರಿ ಉಷ್ಣತೆ ಏರುತ್ತಿರುವ ಈ ಕಾಲದಲ್ಲಿ ಮೋಡಗಳ ಕಣಜವೂ ದೊಡ್ಡದಾಗುತ್ತಿದೆ. ಪುಣೆಯ ಉಷ್ಣವಲಯ ಪವನಶಾಸ್ತ್ರ ಸಂಸ್ಥೆಯ ವಿಜ್ಞಾನಿಗಳು 2017ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 1950ರಿಂದ 2015ರವರೆಗಿನ ಅವಧಿಯಲ್ಲಿ ಮಧ್ಯ ಭಾರತದ ವಿಸ್ತಾರವಾದ ಪ್ರದೇಶಗಳಲ್ಲಿ ಅತಿವೃಷ್ಟಿಯ ಪ್ರಸಂಗಗಳು ಮೂರು ಪಟ್ಟಿನಷ್ಟು ಹೆಚ್ಚಿವೆ.

ಒಂದು ಸುಲಭವಾದ ಲೆಕ್ಕ

ಒಂದು ಮಿಲಿಮೀಟರು ಮಳೆ ಎಂದರೆ ಉಗುರಿನ ದಪ್ಪಕ್ಕಿಂತ ಹೆಚ್ಚಲ್ಲ. ಅದನ್ನು ಯಾರು ಲೆಕ್ಕಿಸುತ್ತಾರೆ? ಆದರೆ ಆ ಒಂದು ಮಿಲಿಮೀಟರು ಒಂದು ಚದರ ಕಿಲೋಮೀಟರಿನ ಮೇಲೆ ಬಿದ್ದರೆ ಸಂಗ್ರಹವಾಗುವ ನೀರು 1,000 ಘನ ಮೀಟರು. ಅಂದರೆ ಹತ್ತು ಲಕ್ಷ ಲೀಟರು. ವಿದ್ಯಾರ್ಥಿಗಳು ಇದನ್ನು ತಾವೇ ಗುಣಿಸಿ ನೋಡಬಹುದು. ಇದರಂತೆ 944 ಮಿಲಿಮೀಟರು ಮಳೆ ಪ್ರತಿಯೊಂದು ಚದರ ಕಿಲೋಮೀಟರಿನ ಮೇಲೂ 94 ಕೋಟಿ ಲೀಟರಿಗೂ ಹೆಚ್ಚು ನೀರನ್ನು ಸುರಿಯುತ್ತದೆ.

ಇಷ್ಟು ನೀರು ಇಡೀ ದಿನಕ್ಕೆ ಸಮನಾಗಿ ಹಂಚಿ ಬಿದ್ದಿದ್ದರೆ ಅಷ್ಟು ಹಾನಿಯಾಗುತ್ತಿರಲಿಲ್ಲವೇನೋ. ಆದರೆ ಆ ಮಧ್ಯಾಹ್ನ ಒಂದೇ ಗಂಟೆಯ ಅವಧಿಯಲ್ಲಿ ಸಾಂತಾಕ್ರೂಜಿನಲ್ಲಿ ಸುಮಾರು 190 ಮಿಲಿಮೀಟರು ಬಿದ್ದಿತು. ಚರಂಡಿಗೆ ಮುಖ್ಯವಾದುದು ಮಳೆಯ ಮೊತ್ತವಲ್ಲ, ಮಳೆಯ ವೇಗ. ಆಲಿಕೆಯ ಮೇಲೆ ಒಂದು ಕೊಡ ನೀರನ್ನು ನಿಧಾನವಾಗಿ ಸುರಿದರೆ ಒಂದು ಹನಿಯೂ ಹೊರಚೆಲ್ಲುವುದಿಲ್ಲ. ಒಮ್ಮೆಗೇ ಮಗುಚಿದರೆ ಅರ್ಧಕ್ಕಿಂತ ಹೆಚ್ಚು ನೆಲದ ಪಾಲು.

ಚರಂಡಿಯ ಅಳತೆಯನ್ನು ನಿಶ್ಚಯಿಸಲು ಇಂಜಿನಿಯರುಗಳು ಬಳಸುವ ಸೂತ್ರ ಬಹಳ ಹಳೆಯದು, ಅಷ್ಟೇ ಸರಳವಾದುದು. 1889ರಲ್ಲಿ ಅಮೆರಿಕದ ರಾಚೆಸ್ಟರ್ ನಗರದ ಚರಂಡಿಗಳನ್ನು ಕುರಿತು ಬರೆಯುತ್ತಾ ಕುಯ್ಖ್‌ಲಿಂಗ್ ಎಂಬ ಇಂಜಿನಿಯರು ಇದನ್ನು ಬಳಕೆಗೆ ತಂದನು. ಇದರ ಮೂಲ ತತ್ತ್ವವನ್ನು ಐರ್ಲೆಂಡಿನ ಮಲ್ವೇನಿ ಎಂಬಾತನು ಅದಕ್ಕೂ ಸುಮಾರು ನಲವತ್ತು ವರ್ಷ ಮೊದಲೇ ಹೇಳಿದ್ದನು. ಮಳೆಯ ವೇಗವನ್ನು ನೆಲದ ವಿಸ್ತೀರ್ಣದಿಂದ ಗುಣಿಸಿ, ಬಂದ ಲಬ್ಧವನ್ನು ‘ಹರಿವಿನ ಅಂಶ’ದಿಂದ ಮತ್ತೆ ಗುಣಿಸಬೇಕು, ಇಷ್ಟೇ. ಬಿದ್ದ ಮಳೆಯಲ್ಲಿ ಎಷ್ಟು ಭಾಗ ನೆಲದಲ್ಲಿ ಇಂಗದೆ ಹರಿದುಹೋಗುತ್ತದೆ ಎಂಬುದೇ ಹರಿವಿನ ಅಂಶ. ಸಡಿಲವಾದ ಮಣ್ಣು, ಗಿಡಮರಗಳಿರುವ ತೋಟದಲ್ಲಿ ಇದು ಹತ್ತರಲ್ಲಿ ಎರಡು ಪಾಲಿನಷ್ಟಿರಬಹುದು. ಸಿಮೆಂಟು, ಡಾಂಬರು, ತಾರಸಿಗಳಿಂದ ಮುಚ್ಚಿದ ಪೇಟೆಯಲ್ಲಿ ಹತ್ತರಲ್ಲಿ ಒಂಬತ್ತು ಪಾಲು.

ಮುಂಬಯಿಯ ಹಳೆಯ ಮಳೆನೀರಿನ ಚರಂಡಿಗಳನ್ನು ಗಂಟೆಗೆ 25 ಮಿಲಿಮೀಟರು ಮಳೆ ಬೀಳುವುದೆಂದೂ, ಅದರಲ್ಲಿ ಅರ್ಧ ಭಾಗ ಮಾತ್ರ ಹರಿದುಬರುವುದೆಂದೂ ಎಣಿಸಿ ಕಟ್ಟಲಾಗಿತ್ತು. ಈ ಪ್ರಕಾರ ಒಂದು ಚದರ ಕಿಲೋಮೀಟರಿನ ಚರಂಡಿ ಗಂಟೆಗೆ 12,500 ಘನ ಮೀಟರು ನೀರನ್ನು ಸಾಗಿಸಬೇಕು. ಆ ಮಧ್ಯಾಹ್ನ ಬಿದ್ದದ್ದು ಗಂಟೆಗೆ 190 ಮಿಲಿಮೀಟರು. ಹತ್ತರಲ್ಲಿ ಒಂಬತ್ತು ಪಾಲು ಹರಿಯಿತೆಂದುಕೊಂಡರೆ 1,71,000 ಘನ ಮೀಟರು. ಭಾಗಿಸಿ ನೋಡಿದರೆ, ಚರಂಡಿಯ ಶಕ್ತಿಗಿಂತ ಹದಿಮೂರು ಪಟ್ಟಿಗೂ ಹೆಚ್ಚು ನೀರು! ಒಂದು ಪಾಲು ಚರಂಡಿಗೆ ಹೋದರೆ ಉಳಿದ ಹನ್ನೆರಡು ಪಾಲು ಎಲ್ಲಿಗೆ ಹೋಗಬೇಕು? ಅದು ಬೀದಿಯನ್ನೇ ಹೊಳೆಯಾಗಿಸಿಕೊಂಡಿತು.

ಈ ಲೆಕ್ಕ ಯಾರಿಗೂ ತಿಳಿದಿರಲಿಲ್ಲವೆಂದಲ್ಲ. ಚರಂಡಿಗಳ ಶಕ್ತಿಯನ್ನು ಗಂಟೆಗೆ 50 ಮಿಲಿಮೀಟರಿಗೆ ಏರಿಸಬೇಕೆಂದೂ, ಬಿದ್ದ ನೀರೆಲ್ಲ ಹರಿದುಬರುವುದೆಂದೇ ಎಣಿಸಬೇಕೆಂದೂ 1993ರಲ್ಲಿಯೇ ಒಂದು ವರದಿ ಮುಂಬಯಿಗೆ ಸಿದ್ಧವಾಗಿತ್ತು. ಹನ್ನೆರಡು ವರ್ಷಗಳ ಅನಂತರ ಮಹಾಮಳೆ ಬಂದಾಗ ಆ ಕೆಲಸದ ಬಹುಭಾಗ ಇನ್ನೂ ಕಾಗದದ ಮೇಲೆಯೇ ಇತ್ತು.

ಬಾಗಿಲು ಮುಚ್ಚಿದ ಸಮುದ್ರ

ಮುಂಬಯಿಯ ನೀರೆಲ್ಲ ಕೊನೆಗೆ ಸೇರಬೇಕಾದುದು ಸಮುದ್ರಕ್ಕೆ. ಆದರೆ ಸಮುದ್ರದ ಬಾಗಿಲು ಸದಾ ತೆರೆದಿರುವುದಿಲ್ಲ. ದಿನಕ್ಕೆ ಎರಡು ಸಲ ಉಬ್ಬರ, ಎರಡು ಸಲ ಇಳಿತ. ನಗರದ ಬಹುಪಾಲು ಚರಂಡಿಗಳ ಬಾಯಿ ಉಬ್ಬರದ ಮಟ್ಟಕ್ಕಿಂತ ಕೆಳಗಿದೆ. ಉಬ್ಬರದ ಹೊತ್ತಿನಲ್ಲಿ ಒಳಗಿನ ನೀರು ಹೊರಕ್ಕೆ ಹೋಗುವುದಿರಲಿ, ಸಮುದ್ರದ ನೀರೇ ಒಳಕ್ಕೆ ಬರಲು ಹವಣಿಸುತ್ತದೆ. ಜುಲೈ 26ರ ಮಧ್ಯಾಹ್ನ ಸುಮಾರು ನಾಲ್ಕು ಗಂಟೆಯ ವೇಳೆಗೆ ಉಬ್ಬರ ಹತ್ತಿರ ಹತ್ತಿರ ನಾಲ್ಕೂವರೆ ಮೀಟರಿಗೆ ಏರಿತ್ತು. ಮಳೆಯ ಅತಿ ಘೋರವಾದ ಹೊತ್ತೂ ಅದೇ. ಮೇಲಿನಿಂದ ಮಳೆ, ಮುಂದಿನಿಂದ ಸಮುದ್ರ, ನಡುವೆ ನಗರ.

ಇನ್ನು ಮೀಠಿ ನದಿ. ವಿಹಾರ್ ಮತ್ತು ಪವಯಿ ಕೆರೆಗಳ ಕೋಡಿಯ ನೀರಿನಿಂದ ಹುಟ್ಟಿ, ಸುಮಾರು ಹದಿನೆಂಟು ಕಿಲೋಮೀಟರು ಹರಿದು, ಮಾಹಿಮಿನ ಬಳಿ ಸಮುದ್ರವನ್ನು ಸೇರುವ ಈ ಸಣ್ಣ ನದಿಯನ್ನು ಬಹುಮಂದಿ ಮುಂಬಯಿಗರು ನದಿಯೆಂದೇ ಎಣಿಸಿರಲಿಲ್ಲ. ಅದು ಅವರ ಕಣ್ಣಿಗೆ ಒಂದು ದೊಡ್ಡ ಕೊಳಚೆಯ ಮೋರಿ. ಅದರ ದಡವನ್ನು ಗುಡಿಸಲುಗಳೂ ಕಾರ್ಖಾನೆಗಳೂ ಒತ್ತಿದ್ದುವು. ವಿಮಾನ ನಿಲ್ದಾಣದ ಓಡುದಾರಿ ಅದನ್ನು ಅಡ್ಡಹಾಯ್ದು, ನದಿ ಅದರ ಅಡಿಯಲ್ಲಿ ನುಸುಳಿ ಹೋಗಬೇಕಾಗಿತ್ತು. ಕಡಲಿನ ಬಳಿ, ಉಬ್ಬರದ ನೀರನ್ನು ಹೀರಿ ಹಿಡಿಯುತ್ತಿದ್ದ ಕಾಂಡ್ಲಾ ಕಾಡಿನ ಜೌಗುನೆಲವನ್ನು ಮಣ್ಣಿನಿಂದ ತುಂಬಿಸಿ ಭವ್ಯವಾದ ಕಟ್ಟಡಗಳನ್ನು ಎಬ್ಬಿಸಲಾಗಿತ್ತು. ಮನುಷ್ಯರು ನದಿಯನ್ನು ಮರೆಯಬಹುದು. ನೀರು ತನ್ನ ಹಳೆಯ ಜಾಡನ್ನು ಮರೆಯುವುದಿಲ್ಲ. ಇಳಿಜಾರು ಎತ್ತಲೋ ನೀರು ಅತ್ತಲೇ. ಆ ಸಂಜೆ ಮೀಠಿಯು ಕಳೆದುಕೊಂಡಿದ್ದ ನೆಲವನ್ನೆಲ್ಲ ಒಮ್ಮೆಗೇ ಹಿಂದಕ್ಕೆ ಪಡೆದುಕೊಂಡಿತು.

ಮೊಣಕಾಲುದ್ದದ ನೀರಿನ ಬಲ

ನಗರದ ನೆರೆಯಲ್ಲಿ ಸಾಯುವವರಲ್ಲಿ ಅನೇಕರು ಆಳವಾದ ನೀರಿನಲ್ಲಿ ಸಾಯುವುದಿಲ್ಲ. ‘ಇಷ್ಟೇ ತಾನೆ ನೀರು!’ ಎಂದುಕೊಂಡು ಇಳಿದವರು ಸಾಯುತ್ತಾರೆ. ಇಲ್ಲಿ ಭೌತವಿಜ್ಞಾನದ ಪಾಠವನ್ನು ಕೊಂಚ ನೆನೆದುಕೊಳ್ಳೋಣ. ಹರಿಯುವ ನೀರು ತನಗೆ ಅಡ್ಡ ನಿಂತ ವಸ್ತುವಿನ ಮೇಲೆ ಹಾಕುವ ಬಲ, ವೇಗದ ವರ್ಗಕ್ಕೆ ಅನುಗುಣವಾಗಿ ಹೆಚ್ಚುತ್ತದೆ. ವೇಗ ಇಮ್ಮಡಿಯಾದರೆ ಬಲ ನಾಲ್ಮಡಿ. ವೇಗ ಮುಮ್ಮಡಿಯಾದರೆ ಬಲ ಒಂಬತ್ತು ಪಟ್ಟು.

ಮೊಣಕಾಲುದ್ದದ, ಅಂದರೆ ಅರ್ಧ ಮೀಟರು ಆಳದ ನೀರಿನಲ್ಲಿ ಒಬ್ಬನು ನಿಂತಿದ್ದಾನೆ ಎಂದುಕೊಳ್ಳಿ. ಅವನ ಎರಡು ಕಾಲುಗಳೂ ಸೇರಿ ನೀರಿಗೆ ಒಡ್ಡುವ ಅಗಲ ಸುಮಾರು ಮೂವತ್ತು ಸೆಂಟಿಮೀಟರು. ನೀರು ಸೆಕೆಂಡಿಗೆ ಒಂದು ಮೀಟರು, ಅಂದರೆ ನಿಧಾನವಾದ ನಡಿಗೆಯ ವೇಗದಲ್ಲಿ ಹರಿದರೆ ಕಾಲಿನ ಮೇಲೆ ಬೀಳುವ ಬಲ ಏಳೆಂಟು ಕಿಲೋಗ್ರಾಂ ತೂಕದಷ್ಟು. ಅದನ್ನು ತಡೆದುಕೊಳ್ಳಬಹುದು. ಇಳಿಜಾರಿನ ಬೀದಿಯಲ್ಲಿ ಅದೇ ನೀರು ಸೆಕೆಂಡಿಗೆ ಎರಡು ಮೀಟರು ವೇಗವನ್ನು ಪಡೆದರೆ ಬಲ ಮೂವತ್ತು ಕಿಲೋಗ್ರಾಂ ತೂಕಕ್ಕೆ ಏರುತ್ತದೆ. ಕಾಲಡಿಯಲ್ಲಿ ಕೆಸರು, ನೀರಿನ ತೇಲಿಸುವ ಗುಣದಿಂದ ದೇಹ ಹಗುರಾಗಿ ಪಾದದ ಹಿಡಿತವೂ ಕಡಮೆ. ಒಂದು ಹೆಜ್ಜೆ ಎತ್ತಿದೊಡನೆ, ಒಂಟಿಕಾಲಿನ ಮೇಲೆ ನಿಂತವನನ್ನು ಯಾರೋ ಎಳೆದಂತಾಗುತ್ತದೆ. ಬಿದ್ದ ಮೇಲೆ ಇಡೀ ದೇಹವೇ ನೀರಿಗೆ ಅಡ್ಡ. ಮತ್ತೆ ಏಳುವುದು ದುಸ್ತರ.

ಮೋಟಾರಿನ ಒಳಗಿದ್ದರೆ ಕ್ಷೇಮವೆಂದು ಹಲವರು ನಂಬುತ್ತಾರೆ. ಇದೂ ಭ್ರಮೆಯೇ. ನಾಲ್ಕು ಮೀಟರು ಉದ್ದ, ಒಂದೂವರೆ ಮೀಟರಿಗೆ ತುಸು ಮಿಕ್ಕ ಅಗಲದ ಸಣ್ಣ ಕಾರೊಂದು ತನ್ನ ತಳದಿಂದ ಹತ್ತು ಸೆಂಟಿಮೀಟರು ಮುಳುಗಿದರೆ ಆರು ನೂರು ಕಿಲೋಗ್ರಾಮಿಗೂ ಹೆಚ್ಚು ನೀರನ್ನು ಪಕ್ಕಕ್ಕೆ ಸರಿಸುತ್ತದೆ. ಆರ್ಕಿಮಿಡೀಸನ ನಿಯಮದಂತೆ ಅಷ್ಟು ತೂಕ ಚಕ್ರಗಳ ಮೇಲಿನಿಂದ ಇಳಿದುಹೋಗುತ್ತದೆ. ಒಂದು ಟನ್ನು ತೂಗುವ ಕಾರು ತೇಲತೊಡಗಲು ರಸ್ತೆಯ ಮೇಲೆ ಒಂದಡಿಗಿಂತ ತುಸು ಹೆಚ್ಚು ನೀರಿದ್ದರೆ ಸಾಕು. ತೇಲಿದ ಕಾರಿಗೆ ಚುಕ್ಕಾಣಿಯೂ ಇಲ್ಲ, ಬ್ರೇಕೂ ಇಲ್ಲ. ಇನ್ನು ಬಾಗಿಲು: ಅದರ ಹೊರಗೆ ಅರವತ್ತು ಸೆಂಟಿಮೀಟರು ನೀರು ನಿಂತು ಒಳಗೆ ಇನ್ನೂ ನೀರು ತುಂಬಿಲ್ಲದಿದ್ದರೆ, ಒಂದು ಮೀಟರು ಅಗಲದ ಬಾಗಿಲನ್ನು ನೀರು ಸುಮಾರು 180 ಕಿಲೋಗ್ರಾಂ ತೂಕದ ಬಲದಿಂದ ಒತ್ತಿ ಹಿಡಿಯುತ್ತದೆ. ಕುಳಿತವನು ಭುಜದಿಂದ ನೂಕಿ ಅದನ್ನು ತೆರೆಯಲಾರ. ವಿದ್ಯುತ್ತಿನಿಂದ ಇಳಿಯುವ ಕಿಟಕಿಯ ಗಾಜೂ ನೀರು ಹೊಕ್ಕರೆ ಕೆಟ್ಟು ನಿಲ್ಲುತ್ತದೆ. ಮುಂಬಯಿಯಲ್ಲಿ ಮೋಟಾರುಗಳೊಳಗೆ ಉಸಿರುಗಟ್ಟಿ ಸತ್ತವರ ದುರಂತದ ಹಿಂದೆ ಇರುವುದು ಈ ಸರಳ ಗಣಿತ.

ಇವೆಲ್ಲಕ್ಕೂ ಮೇಲಾಗಿ, ಕದಡಿದ ನೀರಿನ ಕೆಳಗೆ ಏನಿದೆಯೆಂಬುದು ಕಾಣಿಸದು. 2017ರ ಆಗಸ್ಟ್ 29ರಂದು ಮುಂಬಯಿಯಲ್ಲಿ ಮತ್ತೆ ಬೀದಿಗಳು ತುಂಬಿದಾಗ, ನಗರದ ಹೆಸರಾಂತ ವೈದ್ಯರೊಬ್ಬರು ಮನೆಯತ್ತ ನಡೆದುಹೋಗುತ್ತಿದ್ದವರು ಮುಚ್ಚಳ ತೆಗೆದಿದ್ದ ಚರಂಡಿಯ ಗುಂಡಿಯೊಳಗೆ ಬಿದ್ದು ಪ್ರಾಣ ಬಿಟ್ಟರು. ನೀರು ಬೇಗ ಇಳಿಯಲೆಂದು ಮುಚ್ಚಳವನ್ನು ತೆಗೆಯುವುದು ಅನೇಕ ಊರುಗಳ ವಾಡಿಕೆ. ಒಂದು ಬೀದಿಯ ನೀರನ್ನು ಇಳಿಸಿದ ಆ ಗುಂಡಿ ಒಂದು ಜೀವವನ್ನೂ ಒಯ್ಯಬಲ್ಲದು.

ನೆಲದಡಿಯ ಕಟ್ಟಡಗಳಲ್ಲಿ ಅಪಾಯ ಇಮ್ಮಡಿ. ಚೀನಾದೇಶದ ಝೆಂಗ್‌ಝೌ ನಗರದಲ್ಲಿ 2021ರ ಜುಲೈ 20ರಂದು ಒಂದೇ ಗಂಟೆಯಲ್ಲಿ 201.9 ಮಿಲಿಮೀಟರು ಮಳೆ ಬಿದ್ದಿತು. ನೀರು ಸುರಂಗ ರೈಲಿನ ದಾರಿಯನ್ನು ಹೊಕ್ಕು, ಸಾಗುತ್ತಿದ್ದ ರೈಲೊಂದನ್ನು ನಡುದಾರಿಯಲ್ಲಿ ಹಿಡಿದು ನಿಲ್ಲಿಸಿತು. ಕತ್ತಿನ ಮಟ್ಟದ ನೀರಿನಲ್ಲಿ ನಿಂತ ಪ್ರಯಾಣಿಕರಲ್ಲಿ ನೂರಾರು ಮಂದಿಯನ್ನು ಹೊರಕ್ಕೆ ತಂದರೂ ಹದಿನಾಲ್ಕು ಮಂದಿ ಉಳಿಯಲಿಲ್ಲ.

ಮೂಸಿಯ ಪಾಠ, ವಿಶ್ವೇಶ್ವರಯ್ಯನವರ ಉತ್ತರ

ಇಂಥ ವಿಪತ್ತು ನಮ್ಮ ನಾಡಿಗೆ ಹೊಸದಲ್ಲ. 1908ರ ಸೆಪ್ಟೆಂಬರ್ 28ರಂದು ಹೈದರಾಬಾದು ನಗರದ ನಡುವೆ ಹರಿಯುವ ಮೂಸಿ ನದಿ ಉಕ್ಕಿ ಸುಮಾರು ಹದಿನೈದು ಸಾವಿರ ಮಂದಿಯನ್ನು ಆಹುತಿ ತೆಗೆದುಕೊಂಡಿತು. ನದಿಯ ದಡದಲ್ಲಿದ್ದ ಒಂದು ಹುಣಿಸೆಯ ಮರವನ್ನು ಏರಿ ನೂರೈವತ್ತು ಮಂದಿ ಬದುಕಿಕೊಂಡರೆಂದು ಅಲ್ಲಿನ ಜನ ಇಂದಿಗೂ ಹೇಳುತ್ತಾರೆ. ಮುಂದೆ ಆ ಸ್ಥಳದಲ್ಲಿ ಕಟ್ಟಿದ ಉಸ್ಮಾನಿಯಾ ಆಸ್ಪತ್ರೆಯ ಆವರಣದಲ್ಲಿ ಆ ಮರವನ್ನು ತೋರಿಸುತ್ತಾರೆ.

ಇದರ ಕಾರಣವನ್ನು ಕಂಡುಹಿಡಿದು ಪರಿಹಾರವನ್ನು ಸೂಚಿಸಲು ಹೈದರಾಬಾದಿನ ಸರ್ಕಾರ ಕರೆಸಿಕೊಂಡದ್ದು ನಮ್ಮ ಮುದ್ದೇನಹಳ್ಳಿಯ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರನ್ನು. ಮುಂಬಯಿ ಸರ್ಕಾರದ ನೌಕರಿಯಿಂದ ಆಗತಾನೆ ನಿವೃತ್ತರಾಗಿದ್ದ ಅವರು 1909ರಲ್ಲಿ ಅಲ್ಲಿಗೆ ಹೋಗಿ ಜಲಾನಯನ ಪ್ರದೇಶವನ್ನೆಲ್ಲ ಪರಿಶೀಲಿಸಿದರು. ಅವರಿಗೆ ಕಂಡ ಸಂಗತಿ ಇದು: ನಗರದ ಮೇಲ್ಗಡೆಯ ಪ್ರದೇಶದಲ್ಲಿ 788 ಕೆರೆಗಳಿದ್ದುವು, ಅವುಗಳಲ್ಲಿ 221 ಕೆರೆಗಳ ಏರಿಗಳು ಆ ಮಳೆಗೆ ಒಡೆದುಹೋಗಿದ್ದುವು. ಮೇಲಿನ ಕೆರೆ ಒಡೆದರೆ ಅದರ ನೀರೆಲ್ಲ ಒಮ್ಮೆಗೇ ಕೆಳಗಿನ ಕೆರೆಗೆ. ಅದರ ಕೋಡಿ ಆ ನೀರನ್ನು ತಾಳದೆ ಅದೂ ಒಡೆದರೆ ಎರಡು ಕೆರೆಗಳ ನೀರು ಮೂರನೆಯದಕ್ಕೆ. ಹೀಗೆ ಸರಪಣಿಯಂತೆ ಕೆರೆಗಳು ಒಂದರ ಮೇಲೊಂದು ಕುಸಿದು, ಮಳೆಯ ನೀರಿಗೆ ಕೆರೆಗಳ ನೀರೂ ಸೇರಿ ನಗರದ ಮೇಲೆ ಬಿದ್ದಿತು. ಸುಸ್ಥಿತಿಯಲ್ಲಿರುವಾಗ ನೆರೆಯನ್ನು ತಡೆಯುವ ಕೆರೆಯೇ, ಒಡೆದಾಗ ನೆರೆಯನ್ನು ಹೆಚ್ಚಿಸುತ್ತದೆ.

ವಿಶ್ವೇಶ್ವರಯ್ಯನವರ ಉತ್ತರ ನಗರದೊಳಗೆ ಎತ್ತರದ ಗೋಡೆ ಕಟ್ಟುವುದಷ್ಟೇ ಆಗಿರಲಿಲ್ಲ. ನೆರೆಯನ್ನು ನಗರಕ್ಕೆ ಬರುವ ಮೊದಲೇ ಹಿಡಿದು ನಿಲ್ಲಿಸಿ, ನದಿ ಹೊರಬಲ್ಲಷ್ಟನ್ನು ಮಾತ್ರ ಬಿಡಬೇಕು ಎಂಬುದು ಅವರ ಯೋಜನೆಯ ತಿರುಳು. ಅದರಂತೆ ನಗರದ ಮೇಲ್ಗಡೆ ಮೂಸಿಗೆ ಅಡ್ಡಲಾಗಿ ಉಸ್ಮಾನ್ ಸಾಗರ, ಅದರ ಉಪನದಿಯಾದ ಈಸಿಗೆ ಅಡ್ಡಲಾಗಿ ಹಿಮಾಯತ್ ಸಾಗರ ಎಂಬ ಜಲಾಶಯಗಳು ನಿರ್ಮಾಣವಾದುವು. ಮೊದಲನೆಯದು 1920ರಲ್ಲಿ, ಎರಡನೆಯದು 1927ರಲ್ಲಿ ಪೂರ್ಣಗೊಂಡಿತು. ನಗರದೊಳಗೆ ನದಿಯ ದಡಗಳನ್ನು ಎತ್ತರಿಸಿ ಉದ್ಯಾನಗಳನ್ನು ಮಾಡಬೇಕೆಂದೂ ಅವರು ಸೂಚಿಸಿದ್ದರು. ಉದ್ಯಾನ ಕಣ್ಣಿಗೆ ತಂಪಷ್ಟೇ ಅಲ್ಲ. ನೀರು ಬಂದಾಗ ಮನುಷ್ಯರ ಮನೆಯನ್ನು ಹೊಗದೆ ಹರಡಿಕೊಳ್ಳಲು ಅದೊಂದು ಜಾಗ.

ಆದರೆ ಪಾಠವನ್ನು ಒಮ್ಮೆ ಕಲಿತರೆ ಸಾಲದು. ಪ್ರತಿಯೊಂದು ತಲೆಮಾರೂ ಅದನ್ನು ಕಲಿಯಬೇಕು. 2020ರ ಅಕ್ಟೋಬರಿನಲ್ಲಿ ಅದೇ ಹೈದರಾಬಾದಿನಲ್ಲಿ ಬಿರುಸಾದ ಮಳೆಗೆ ಹೊರವಲಯದ ಹಳೆಯ ಕೆರೆಗಳ ಏರಿಗಳು ಮತ್ತೆ ಒಡೆದು ಬಡಾವಣೆಗಳು ಮುಳುಗಿದುವು. ಜನರು ಮತ್ತೆ ಸತ್ತರು.

ನಮ್ಮ ಮನೆಯ ಬಾಗಿಲಲ್ಲಿ

ಬೆಂಗಳೂರು ಸಮುದ್ರ ಮಟ್ಟಕ್ಕಿಂತ 900 ಮೀಟರು ಎತ್ತರದಲ್ಲಿದೆ. ದೊಡ್ಡ ನದಿ ಯಾವುದೂ ಇಲ್ಲ. ಇಂಥ ಊರಿಗೆ ನೆರೆಯ ಭಯವೆಲ್ಲಿಯದು ಎಂದು ಕೇಳುವವರುಂಟು. ದಿಬ್ಬದ ಮೇಲಿನ ಊರಿನಿಂದ ನೀರು ಹೆಬ್ಬಾಳ, ವೃಷಭಾವತಿ, ಕೋರಮಂಗಲ-ಚಲ್ಲಘಟ್ಟ ಕಣಿವೆಗಳಲ್ಲಿ ಇಳಿದು ಹೋಗುತ್ತದೆ. ಈ ಕಣಿವೆಗಳಲ್ಲಿ ನಮ್ಮ ಹಿರಿಯರು ಒಂದರ ಕೋಡಿ ಇನ್ನೊಂದಕ್ಕೆ ಸೇರುವಂತೆ ಕೆರೆಗಳನ್ನು ಕಟ್ಟಿ, ನಡುವೆ ರಾಜಕಾಲುವೆಗಳನ್ನು ಬಿಟ್ಟಿದ್ದರು. ಇಂದು ಧರ್ಮಾಂಬುಧಿ ಕೆರೆಯ ನೆಲದಲ್ಲಿ ಮೆಜೆಸ್ಟಿಕ್ಕಿನ ಬಸ್ಸು ನಿಲ್ದಾಣವಿದೆ. ಸಂಪಂಗಿ ಕೆರೆಯ ಅಂಗಳದಲ್ಲಿ ಕಂಠೀರವ ಕ್ರೀಡಾಂಗಣವಿದೆ. ಊರು ಬೆಳೆಯಬೇಕಾದುದು ಸಹಜ. ಆದರೆ ಕೆರೆಯನ್ನು ತೆಗೆದಾಗ, ಅದು ಹಿಡಿಯುತ್ತಿದ್ದ ನೀರಿಗೆ ಬೇರೆ ಎಲ್ಲಿ ಸ್ಥಳ ಕೊಟ್ಟೆವು ಎಂಬ ಪ್ರಶ್ನೆಯನ್ನು ಕೇಳಬೇಕು. 2022ರ ಸೆಪ್ಟೆಂಬರಿನಲ್ಲಿ ನಗರದ ಪೂರ್ವಭಾಗದ ಹೊಸ ಬಡಾವಣೆಗಳಲ್ಲಿ ಜನರು ದೋಣಿಗಳಲ್ಲಿಯೂ ಟ್ರಾಕ್ಟರುಗಳಲ್ಲಿಯೂ ಮನೆಗಳಿಂದ ಹೊರಬಂದರು. 2023ರ ಮೇ 21ರಂದು ನಗರದ ನಡುಮಧ್ಯದಲ್ಲಿ, ಕೃಷ್ಣರಾಜ ವೃತ್ತದ ಬಳಿಯ ಕೆಳಸೇತುವೆಯಲ್ಲಿ ತುಂಬಿದ ನೀರಿಗೆ ಕಾರೊಂದು ಇಳಿದು, ಅದರಲ್ಲಿದ್ದ ತರುಣಿಯೊಬ್ಬಳು ಮೃತಳಾದಳು. ಅದು ಮುಂಬಯಿಯಂಥ ಮಹಾಮಳೆಯಲ್ಲ. ಮುಂಗಾರಿಗೆ ಮೊದಲಿನ ಒಂದು ಗುಡುಗುಮಳೆ. ತಗ್ಗಾದ ಸ್ಥಳಕ್ಕೆ ಸುತ್ತಲಿನ ರಸ್ತೆಗಳ ನೀರೆಲ್ಲ ನಿಮಿಷಗಳಲ್ಲಿ ಬಂದು ಸೇರಿತು, ಅಷ್ಟೆ.

ಏನು ಮಾಡಬೇಕು?

ನಗರಗಳು ಮಾಡಬೇಕಾದ ಕೆಲಸ ಮೂರು ಬಗೆಯದು. ಮೊದಲನೆಯದು, ನೀರನ್ನು ಬಿದ್ದಲ್ಲಿಯೇ ತಡೆಯುವುದು: ಇಂಗುಗುಂಡಿ, ತಾರಸಿಯ ನೀರಿನ ತೊಟ್ಟಿ, ಮಣ್ಣು ಕಾಣುವ ಉದ್ಯಾನ, ಹೂಳು ತೆಗೆದ ಕೆರೆ. ಎರಡನೆಯದು, ಉಳಿದ ನೀರಿಗೆ ದಾರಿ ಬಿಡುವುದು: ಒತ್ತುವರಿಯಿಲ್ಲದ ರಾಜಕಾಲುವೆ, ಕಸ ತುಂಬದ ಮೋರಿ, ಉಬ್ಬರದ ಊರುಗಳಲ್ಲಿ ಪಂಪು. ಮೂರನೆಯದು, ಮುನ್ನೆಚ್ಚರಿಕೆ. 2005ರಲ್ಲಿ ಮುಂಬಯಿಗೆ ಡಾಪ್ಲರ್ ರೇಡಾರ್ ಇರಲಿಲ್ಲ. ಎಲ್ಲಿ ಎಷ್ಟು ಮಳೆ ಸುರಿಯುತ್ತಿದೆಯೆಂಬುದು ಸುರಿಯುತ್ತಿರುವಾಗಲೇ ತಿಳಿಯುವ ಸಾಧನ ಸಾಲದಾಗಿತ್ತು. ಆ ಮಳೆಯ ತರುವಾಯ ಅಲ್ಲಿ ತಾನಾಗಿಯೇ ಲೆಕ್ಕ ಕಳಿಸುವ ಮಳೆಮಾಪಕಗಳನ್ನು ನಗರದ ಹಲವೆಡೆ ಇಟ್ಟರು, ರೇಡಾರೂ ಬಂದಿತು. ನಮ್ಮ ರಾಜ್ಯದಲ್ಲಿಯೂ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರು ಇಂಥ ಮಳೆಮಾಪಕಗಳ ದೊಡ್ಡ ಜಾಲವನ್ನು ಹರಡಿದ್ದಾರೆ.

ಇನ್ನು, ಇದನ್ನು ಓದುತ್ತಿರುವ ತರುಣರು ಮಾಡಬೇಕಾದುದು. ಹರಿಯುವ ನೀರಿರುವ ಬೀದಿಯನ್ನು ದಾಟಬಾರದು. ತಡವಾದರೂ ಎತ್ತರದ ದಾರಿಯೇ ಲೇಸು. ಕೆಳಸೇತುವೆಯಲ್ಲಿ ನೀರು ಕಂಡರೆ ಕಾಲು, ಬೈಸಿಕಲ್ಲು, ಕಾರು ಯಾವುದನ್ನೂ ಅದಕ್ಕೆ ಇಳಿಸಬಾರದು. ವಾಹನ ನೀರಿನಲ್ಲಿ ನಿಂತುಹೋದರೆ ನೀರು ಬಾಗಿಲಿಗೆ ಏರುವ ಮೊದಲೇ ಕಿಟಕಿಯ ಗಾಜನ್ನಿಳಿಸಿ ಹೊರಬರಬೇಕು. ಸಾಮಾನು ಹೋದರೆ ಹೋಗಲಿ. ವಿದ್ಯುತ್ ಕಂಬಗಳಿಂದ ದೂರವಿರಬೇಕು. ನೆಲಮಾಳಿಗೆಯಲ್ಲಿ ನಿಂತ ವಾಹನವನ್ನು ತರಲು ಕೆಳಗೆ ಇಳಿಯಬಾರದು. ನೆರೆಯ ನೀರನ್ನು ತುಳಿದು ಬಂದವರು ಕಾಲನ್ನು ಸಾಬೂನಿನಿಂದ ತೊಳೆಯಬೇಕು. ಅನಂತರ ಜ್ವರ ಬಂದರೆ ವೈದ್ಯರಿಗೆ ನೀರಿನಲ್ಲಿ ನಡೆದ ವಿಷಯವನ್ನು ತಿಳಿಸಬೇಕು. ಇಲಿಗಳ ಮೂತ್ರದಿಂದ ನೀರಿಗೆ ಸೇರುವ ಲೆಪ್ಟೊಸ್ಪೈರಾ ಎಂಬ ಸೂಕ್ಷ್ಮಜೀವಿ 2005ರಲ್ಲಿ ಮಳೆ ನಿಂತ ಮೇಲೂ ಮುಂಬಯಿಯಲ್ಲಿ ಅನೇಕರ ಪ್ರಾಣ ತೆಗೆಯಿತು.

ಕೊನೆಯದಾಗಿ ಒಂದು ಸಣ್ಣ ಪ್ರಯೋಗ. ನೇರವಾದ ಗೋಡೆಯುಳ್ಳ, ಬಾಯಿ ಮತ್ತು ತಳ ಒಂದೇ ಅಗಲವಾಗಿರುವ ಡಬ್ಬಿಯೊಂದನ್ನು ಮರ ಮಾಡುಗಳ ಮರೆಯಿಲ್ಲದ ಬಯಲಿನಲ್ಲಿ ಇಡಿ. ಮಳೆ ಬಂದಾಗ ಪ್ರತಿ ಹದಿನೈದು ನಿಮಿಷಕ್ಕೆ ಎಷ್ಟು ಮಿಲಿಮೀಟರು ಏರಿತೆಂದು ಅಳತೆಪಟ್ಟಿಯಿಂದ ನೋಡಿ ಬರೆದಿಡಿ. ನಾಲ್ಕರಿಂದ ಗುಣಿಸಿದರೆ ಗಂಟೆಯ ವೇಗ ದೊರೆಯುತ್ತದೆ. ಮಳೆ ನಿಂತ ಮೇಲೆ ನಿಮ್ಮ ಬೀದಿಯ ನೀರು ಎತ್ತ ಹರಿಯುತ್ತದೆ, ಎಲ್ಲಿ ನಿಲ್ಲುತ್ತದೆ, ಯಾವ ಮೋರಿ ಕಟ್ಟಿದೆ ಎಂಬುದನ್ನು ಒಂದು ನಕ್ಷೆಯಲ್ಲಿ ಗುರುತಿಸಿ. ಹಿಂದೆ ಅಲ್ಲಿ ಏನಿತ್ತೆಂದು ಊರಿನ ಹಿರಿಯರನ್ನು ಕೇಳಿ. ‘ಅಲ್ಲೊಂದು ಕೆರೆಯಿತ್ತು’ ಎಂದು ಅವರು ಹೇಳಿದರೆ ಆಶ್ಚರ್ಯಪಡಬೇಡಿ. ಆ ನಕ್ಷೆಯನ್ನು ಜೋಪಾನವಾಗಿಡಿ, ಮನೆಯವರಿಗೂ ನೆರೆಹೊರೆಯವರಿಗೂ ತೋರಿಸಿ. ಮುಂದೊಂದು ಸಂಜೆ ಆಕಾಶ ಕಪ್ಪಾಗಿ, ಬೀದಿಯಲ್ಲಿ ನೀರು ಏರತೊಡಗಿದಾಗ, ಯಾವ ದಾರಿಯಲ್ಲಿ ಹೋಗಬಾರದು ಎಂಬುದನ್ನು ಅದು ಹೇಳುತ್ತದೆ.